ಕಿಟಕಿಗಳ ಕಾರಭಾರಿ ಏಳದಿದ್ದರೆ ಏನು ಮಾಡಬೇಕು?

ಊರು ಬಿಟ್ಟು ಬಂದು ದುಡಿಯುವ ನಮ್ಮವರ ಮನೆಗಳಿಗೂ ಈಗ ಕಂಪ್ಯೂಟರು ಬಂದಿದೆ. ಹೆಚ್ಚಿನವು ಹೊಸವಲ್ಲ, ಕಚೇರಿಯವರು ಕೈಬಿಟ್ಟವು, ಇಲ್ಲವೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡವು. ಆದರೆ ಒಂದೇ ಖೋಲಿಯ ಸಂಸಾರದಲ್ಲಿ ಅದು ಎಲ್ಲರಿಗೂ ಬೇಕಾದ ವಸ್ತು. ಮಗಳ ಪಾಠ, ಮಗನ ನೌಕರಿಯ ಅರ್ಜಿ, ಭವಿಷ್ಯನಿಧಿಯ ಲೆಕ್ಕ, ಊರಿನ ಜಮೀನಿನ ಪಹಣಿ, ತೀರಿಹೋದ ಹಿರಿಯರ ಭಾವಚಿತ್ರ, ಎಲ್ಲವೂ ಅದರ ಹೊಟ್ಟೆಯಲ್ಲಿವೆ.

ಇಂಥ ಯಂತ್ರದ ಪರದೆ ಒಂದು ದಿನ ಕಪ್ಪಾಗಿ ನಿಂತರೆ ಮನೆಯವರು ಗಾಬರಿಯಾಗುವುದು ಸಹಜ. ದುರಸ್ತಿಯ ಅಂಗಡಿಗೆ ಒಯ್ದರೆ ಎಷ್ಟೋ ಕಡೆ ಸಿಗುವ ಉತ್ತರ ಒಂದೇ: “ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು.” ಇದಕ್ಕೆ ಫಾರ್ಮ್ಯಾಟ್ ಎಂದು ಹೆಸರು. ಅದರಿಂದ ಯಂತ್ರವೇನೋ ಏಳುತ್ತದೆ. ಆದರೆ ಕಾಗದಪತ್ರಗಳೆಲ್ಲ ಹೋಗುತ್ತವೆ. ಬಾಗಿಲಿನ ಚಿಲಕ ಕೆಟ್ಟಿತೆಂದು ಮನೆಯನ್ನೇ ಕೆಡವಿದಂತಾಯಿತು. ಪರದೆ ಕಪ್ಪಾದ ಮಾತ್ರಕ್ಕೆ ಕಾಗದಪತ್ರ ಹೋಯಿತೆಂದು ಅರ್ಥವಲ್ಲ, ಅನೇಕ ವೇಳೆ ಕೆಟ್ಟಿರುವುದು ಒಂದು ಚಿಕ್ಕ ಭಾಗ ಮಾತ್ರ, ಕ್ರಮವಾಗಿ ಹುಡುಕಿದರೆ ಅದನ್ನು ನಾವೇ ಸರಿಪಡಿಸಬಹುದು ಎಂಬುದನ್ನು ಈ ಲೇಖನದಲ್ಲಿ ತಿಳಿಸಲು ಯತ್ನಿಸಿದ್ದೇವೆ.

ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನವರ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ಅದರ ಮುಂದಿನ ಆವೃತ್ತಿ ಬಹಳಷ್ಟು ಹಳೆಯ ಯಂತ್ರಗಳಲ್ಲಿ ನಡೆಯುವುದಿಲ್ಲ. ಅಂಥ ಯಂತ್ರಗಳಿಗೆ ಹಣ ಕೊಡದೆ ಸಿಗುವ ಲಿನಕ್ಸನ್ನು ಹಾಕಿಕೊಳ್ಳಬಹುದು. ಆದುದರಿಂದ ಹಳೆಯ ಯಂತ್ರಕ್ಕೆ ಹಗುರವಾಗಿ ಒಗ್ಗುವ ‘ಲಿನಕ್ಸ್ ಮಿಂಟ್’ನ ‘ಎಕ್ಸ್‌ಎಫ್‌ಸಿಇ’ ರೂಪವನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ.

ಯಂತ್ರದೊಳಗೆ ಯಾರ ಕೆಲಸ ಯಾವುದು?

ವಾಚನಾಲಯವನ್ನೇ ನೋಡೋಣ. ಮೊದಲು ಕಟ್ಟಡ. ಒಳಗೆ ಉದ್ದನೆಯ ಮೇಜು. ಬಾಗಿಲಲ್ಲಿ ಹೆಸರು ಕೇಳಿ ಒಳಗೆ ಬಿಡುವವನೊಬ್ಬ. ಮೇಜಿನ ಮೇಲೆ ಯಾವ ಪತ್ರಿಕೆ ಮೇಲೆ, ಯಾವುದು ಕೆಳಗೆ, ಯಾವುದು ಯಾರ ಮುಂದೆ ಎಂದು ನೋಡಿಕೊಳ್ಳುವ ಕಾರಭಾರಿ ಇನ್ನೊಬ್ಬ. ಕಡೆಗೆ ಪತ್ರಿಕೆಗಳು. ಇವೆಲ್ಲಕ್ಕೂ ಬೇರೆಯಾಗಿ ಗೋಡೆಯ ಬದಿಯಲ್ಲಿ ಪುಸ್ತಕದ ಕಪಾಟು.

ಕಂಪ್ಯೂಟರಿನಲ್ಲಿಯೂ ಹೀಗೆಯೇ. ಕಟ್ಟಡವೆಂದರೆ ಲಿನಕ್ಸಿನ ತಿರುಳು. ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬವರು ೧೯೯೧ರಲ್ಲಿ ಇದನ್ನು ಹೊರತಂದರು. ಮೇಜೆಂದರೆ ಪರದೆಯ ಮೇಲೆ ಚಿತ್ರ ಬರೆಯುವ ‘ಎಕ್ಸ್’ ಎಂಬ ವ್ಯವಸ್ಥೆ. ಇದು ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ೧೯೮೪ರಲ್ಲಿ ಹುಟ್ಟಿತು. ಇದರ ಹನ್ನೊಂದನೆಯ ಆವೃತ್ತಿ ೧೯೮೭ರಲ್ಲಿ ಬಂದಿತು. ಬಾಗಿಲಲ್ಲಿ ಹೆಸರು, ಪಾಸ್‌ವರ್ಡು ಕೇಳುವವನು ‘ಲೈಟ್‌ಡಿಎಂ’. ಕಿಟಕಿಗಳಿಗೆ ತಲೆಪಟ್ಟಿ ಕಟ್ಟಿ, ಅವುಗಳನ್ನು ಸರಿಸಿ, ದೊಡ್ಡದು ಚಿಕ್ಕದು ಮಾಡುವವನೇ ಕಾರಭಾರಿ, ಎಂದರೆ ವಿಂಡೋ ಮ್ಯಾನೇಜರ್. ನಮ್ಮ ಉದಾಹರಣೆಯಲ್ಲಿ ಇವನ ಹೆಸರು ‘ಎಕ್ಸ್‌ಎಫ್‌ಡಬ್ಲ್ಯುಎಂ೪’. ಪತ್ರ ಬರೆಯುವ, ಲೆಕ್ಕ ಹಾಕುವ ಸಾಧನಗಳು ಮೇಜಿನ ಮೇಲಿನ ಪತ್ರಿಕೆಗಳು. ನಮ್ಮ ಕಡತಗಳಿರುವ ಡಿಸ್ಕೇ ಕಪಾಟು.

ಎಕ್ಸ್ ವ್ಯವಸ್ಥೆಯನ್ನು ರಚಿಸಿದವರು ಮೇಜಿನ ಕೆಲಸ ಬೇರೆ, ಕಾರಭಾರಿಯ ಕೆಲಸ ಬೇರೆ ಎಂದು ಬೇಕೆಂದೇ ವಿಂಗಡಿಸಿದರು. ಕಾರಭಾರಿ ಬಿದ್ದರೂ ಮೇಜು ಉಳಿಯುತ್ತದೆ, ಪತ್ರಿಕೆಗಳೂ ಉಳಿಯುತ್ತವೆ. ಕಪಾಟಿಗಂತೂ ಅದರ ಗೊಡವೆಯೇ ಇಲ್ಲ. ಇನ್ನೊಂದು ಮಾತು: ಇವರಲ್ಲಿ ಒಬ್ಬೊಬ್ಬರೂ ತಮ್ಮ ಕೆಳಗಿನವರನ್ನು ಆಧರಿಸಿ ನಿಂತಿದ್ದಾರೆ. ಮೇಜೇ ಇಲ್ಲದಿದ್ದರೆ ಕಾರಭಾರಿ ಏನು ಮಾಡಿಯಾನು? ಆದುದರಿಂದ ತಪ್ಪನ್ನು ಹುಡುಕುವಾಗ ಕೆಳಗಿನಿಂದ ಮೇಲಕ್ಕೆ ಹೋಗತಕ್ಕದ್ದು.

ಪರದೆ ಹೇಳುವ ನಾಲ್ಕು ಲಕ್ಷಣಗಳು

ಗುಂಡಿ ಒತ್ತಿ ಯಂತ್ರವನ್ನು ಆರಿಸುವ ಮುನ್ನ ಪರದೆಯನ್ನು ಚೆನ್ನಾಗಿ ನೋಡಿರಿ.

ಮೊದಲನೆಯದು: ಕಿಟಕಿಗಳು ಕಾಣುತ್ತವೆ, ಆದರೆ ತಲೆಪಟ್ಟಿ ಇಲ್ಲ, ಸರಿಸಿದರೆ ಸರಿಯುವುದಿಲ್ಲ. ಇಲ್ಲಿ ಕಾರಭಾರಿಯೊಬ್ಬನೇ ಬಿದ್ದಿದ್ದಾನೆ. ಬರೆಯುತ್ತಿದ್ದ ಅರ್ಜಿ ಇನ್ನೂ ಜೀವಂತವಾಗಿದೆ. ಯಂತ್ರವನ್ನು ಆರಿಸಿದರೆ ಮಾತ್ರ ಅದು ಹೋಗುತ್ತದೆ.

ಎರಡನೆಯದು: ಪಾಸ್‌ವರ್ಡು ಕೊಟ್ಟೊಡನೆ ಪರದೆ ಒಮ್ಮೆ ಮಿನುಗಿ ಮತ್ತೆ ಪಾಸ್‌ವರ್ಡನ್ನೇ ಕೇಳುತ್ತದೆ. ಮೇಜು, ಬಾಗಿಲಿನವನು ಇಬ್ಬರೂ ಸರಿ. ನಿಮ್ಮ ಹೆಸರಿನಲ್ಲಿ ಕೆಲಸ ಆರಂಭಿಸಲು ಏನೋ ಅಡ್ಡಿಯಾಗಿದೆ. ಡಿಸ್ಕು ತುಂಬಿರಬಹುದು, ಇಲ್ಲವೆ ಒಂದು ಫೈಲಿನ ಒಡೆತನ ಬದಲಾಗಿರಬಹುದು.

ಮೂರನೆಯದು: ಪಾಸ್‌ವರ್ಡು ಒಪ್ಪಿಕೊಂಡ ಮೇಲೆ ಕಪ್ಪು ಪರದೆ, ಅದರ ಮೇಲೆ ಇಲಿಯ ಬಾಣ ಮಾತ್ರ ಓಡಾಡುತ್ತದೆ. ಸಂಶಯ ಕಾರಭಾರಿಯ ಮೇಲೆ, ಅವನ ಅಲಂಕಾರಗಳ ಮೇಲೆ, ಇಲ್ಲವೆ ನಿಮ್ಮ ಹಳೆಯ ಏರ್ಪಾಟುಗಳ ಮೇಲೆ.

ನಾಲ್ಕನೆಯದು: ಪಾಸ್‌ವರ್ಡು ಕೇಳುವ ಪರದೆಯೇ ಬರುವುದಿಲ್ಲ. ಇದು ಮೇಜಿನ ಅಥವಾ ಕಟ್ಟಡದ ತೊಂದರೆ. ಪರದೆಯ ಯಂತ್ರಭಾಗವನ್ನು ನಡೆಸುವ ಡ್ರೈವರಿನಲ್ಲಿ ದೋಷವಿರಬಹುದು. ಕಾರಭಾರಿಯನ್ನು ಬೈದು ಪ್ರಯೋಜನವಿಲ್ಲ.

ಹಿತ್ತಲ ಬಾಗಿಲು

ಮುಂಬಾಗಿಲು ತೆರೆಯದಿದ್ದರೆ ಹಿತ್ತಲ ಬಾಗಿಲಿನಿಂದ ಹೋಗಬೇಕಷ್ಟೆ. ಕಂಟ್ರೋಲ್, ಆಲ್ಟ್, ಎಫ್೩ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿರಿ. ಚಿತ್ರವಿಲ್ಲದ, ಅಕ್ಷರಗಳು ಮಾತ್ರ ಇರುವ ಕಪ್ಪು ಪರದೆ ಬರುತ್ತದೆ. ಅಲ್ಲಿ ನಿಮ್ಮ ಬಳಕೆಯ ಹೆಸರು, ಆಮೇಲೆ ಪಾಸ್‌ವರ್ಡು ಕೊಡಿರಿ. ಪಾಸ್‌ವರ್ಡು ಒತ್ತುವಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಅದು ಅಲ್ಲಿಯ ರೂಢಿ, ಕೀಲಿಮಣೆ ಕೆಟ್ಟಿದೆಯೆಂದು ತಿಳಿಯಬಾರದು. ಚಿತ್ರದ ಪರದೆಗೆ ಮರಳಲು ಕಂಟ್ರೋಲ್, ಆಲ್ಟ್, ಎಫ್೭ ಒತ್ತಬೇಕು.

ನಮ್ಮ ಭಾಷೆಯವರಿಗೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಫೈಲುಗಳಿಗೆ ಕನ್ನಡದಲ್ಲಿ ಹೆಸರಿಟ್ಟಿದ್ದರೆ ಈ ಕಪ್ಪು ಪರದೆಯಲ್ಲಿ ಆ ಹೆಸರುಗಳ ಬದಲು ಚೌಕಗಳೋ ಪ್ರಶ್ನೆಯ ಗುರುತುಗಳೋ ಕಾಣುತ್ತವೆ. ಒತ್ತು, ದೀರ್ಘ, ಗುಣಿತಗಳನ್ನು ಕೂಡಿಸಿ ಬರೆಯುವ ಶಕ್ತಿ ಆ ಪರದೆಗೆ ಇಲ್ಲ. ಫೈಲುಗಳು ಹಾಳಾದವೆಂದು ಹೆದರಿ ಅಳಿಸಿಬಿಡಬೇಡಿರಿ. ಚಿತ್ರದ ಪರದೆ ಬಂದೊಡನೆ ಹೆಸರುಗಳು ಮೊದಲಿನಂತೆಯೇ ಕಾಣುತ್ತವೆ.

ಆಜ್ಞೆಗಳನ್ನು ನಾವು ಇಲ್ಲಿ ಉಚ್ಚಾರದಂತೆ ಬರೆದಿದ್ದೇವೆ. ನೀವು ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಒತ್ತಿ, ಕೊನೆಗೆ ಎಂಟರ್ ಒತ್ತಬೇಕು. ಕಿರುಗೆರೆ ಎಂದರೆ ಸೊನ್ನೆಯ ಬಲಕ್ಕಿರುವ ಕೀಲಿ. ಉದ್ದನೆಯ ಹೆಸರಿನ ಮೊದಲ ನಾಲ್ಕಾರು ಅಕ್ಷರ ಒತ್ತಿ ಟ್ಯಾಬ್ ಕೀಲಿ ಒತ್ತಿದರೆ ಉಳಿದದ್ದನ್ನು ಯಂತ್ರವೇ ತುಂಬುತ್ತದೆ.

ಕ್ರಮವಾಗಿ ಮಾಡತಕ್ಕ ಪರೀಕ್ಷೆಗಳು

೧. ಡಿಸ್ಕು ತುಂಬಿದೆಯೇ? ಡಿ, ಎಫ್, ಒಂದು ಸ್ಪೇಸ್, ಕಿರುಗೆರೆ, ಎಚ್ ಎಂದು ಒತ್ತಿರಿ. ಡಿಸ್ಕಿನ ಎಷ್ಟು ಭಾಗ ತುಂಬಿದೆಯೆಂದು ನೂರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ತೋರಿಸುತ್ತದೆ. ಓರೆಗೆರೆಯೊಂದೇ ಹೆಸರಾಗಿರುವ ಸಾಲಿನಲ್ಲಿ ೧೦೦ ಎಂದಿದ್ದರೆ ಕಾರಣ ಸಿಕ್ಕಿತು. ಲಿನಕ್ಸಿನ ಸಾಮಾನ್ಯ ಡಿಸ್ಕು ವ್ಯವಸ್ಥೆಯಲ್ಲಿ ನೂರಕ್ಕೆ ೫ ಭಾಗವನ್ನು ಯಂತ್ರದ ಯಜಮಾನನಿಗೆಂದು ಮೊದಲೇ ಕಾದಿರಿಸಿರುತ್ತಾರೆ. ಆದುದರಿಂದ ಡಿಸ್ಕು ತುಂಬಿದರೂ ಯಂತ್ರ ಏಳುತ್ತದೆ, ಪಾಸ್‌ವರ್ಡನ್ನೂ ಕೇಳುತ್ತದೆ. ಆದರೆ ನಿಮ್ಮ ಹೆಸರಿನಲ್ಲಿ ಒಂದು ಸಣ್ಣ ಫೈಲು ಬರೆಯಲೂ ಜಾಗವಿಲ್ಲದೆ ಒಳಗೆ ಬಿಡದೆ ಹಿಂದಕ್ಕೆ ಕಳಿಸುತ್ತದೆ. ಹಿಂದೆ ಇಳಿಸಿಕೊಂಡ ನವೀಕರಣಗಳ ಮೂಟೆಯನ್ನು ತೆಗೆಯಲು ‘ಸುಡೊ ಆಪ್ಟ್ ಕ್ಲೀನ್’ ಎಂಬ ಆಜ್ಞೆ ಸಾಕು. ಅಕ್ಷರಗಳು ಎಸ್-ಯು-ಡಿ-ಒ, ಎ-ಪಿ-ಟಿ, ಸಿ-ಎಲ್-ಇ-ಎ-ಎನ್. ಇದು ನಿಮ್ಮ ಕಾಗದಪತ್ರವನ್ನು ಮುಟ್ಟುವುದಿಲ್ಲ. ಒಳಹೋದ ಮೇಲೆ ಕಸದ ಬುಟ್ಟಿಯನ್ನೂ ಬರಿದು ಮಾಡಿರಿ. ಬುಟ್ಟಿಗೆ ಹಾಕಿದ ಸಿನಿಮಾ ಡಿಸ್ಕಿನಲ್ಲಿಯೇ ಕುಳಿತಿರುತ್ತದೆ.

೨. ಫೈಲಿನ ಒಡೆಯ ಯಾರು? ಎಲ್, ಎಸ್, ಸ್ಪೇಸ್, ಕಿರುಗೆರೆ, ಎಲ್, ಎ ಎಂದು ಒತ್ತಿರಿ. ಬರುವ ಪಟ್ಟಿಯ ಮೂರನೆಯ ಸಾಲುಪಟ್ಟಿಯಲ್ಲಿ ಒಡೆಯನ ಹೆಸರಿರುತ್ತದೆ. ಚುಕ್ಕೆಯಿಂದ ಆರಂಭವಾಗಿ, ದೊಡ್ಡ ಎಕ್ಸ್ ಅಕ್ಷರ, ಆಮೇಲೆ ‘ಅಥಾರಿಟಿ’ ಎಂಬ ಪದವಿರುವ ಫೈಲನ್ನು ಹುಡುಕಿರಿ. ಮೇಜನ್ನು ಬಳಸಲು ನಿಮಗೆ ಕೊಟ್ಟ ಪರವಾನಗಿ ಚೀಟಿ ಇದು. ಒಡೆಯನ ಜಾಗದಲ್ಲಿ ನಿಮ್ಮ ಹೆಸರಿಲ್ಲದೆ ‘ರೂಟ್’ ಎಂದಿದ್ದರೆ ಚೀಟಿ ಬೇರೆಯವರ ಕೈಸೇರಿದೆ ಎಂದರ್ಥ. ಕಿಟಕಿ ತೆರೆಯುವ ಸಾಧನವನ್ನು ಸುಡೊ ಸೇರಿಸಿ ನಡೆಸಿದಾಗ ಹೀಗಾಗುವುದುಂಟು. ಎಂ, ವಿ, ಸ್ಪೇಸ್, ಆ ಫೈಲಿನ ಹೆಸರು, ಸ್ಪೇಸ್, ಬೇರೊಂದು ಹೆಸರು ಎಂದು ಒತ್ತಿದರೆ ಅದರ ಹೆಸರು ಬದಲಾಗುತ್ತದೆ. ಮುಂದಿನ ಸಲ ಒಳಹೋಗುವಾಗ ಹೊಸ ಚೀಟಿ ತಾನಾಗಿ ಸಿದ್ಧವಾಗುತ್ತದೆ.

೩. ದಿನಚರಿ ಏನು ಹೇಳುತ್ತದೆ? ಯಂತ್ರ ತನ್ನ ತೊಂದರೆಯನ್ನು ತಾನೇ ಬರೆದಿಡುತ್ತದೆ, ಓದುವವರಿಲ್ಲ ಅಷ್ಟೆ. ನಿಮ್ಮ ಮನೆ ಫೋಲ್ಡರಿನಲ್ಲಿ ಚುಕ್ಕೆಯಿಂದ ಆರಂಭವಾಗುವ ‘ಎಕ್ಸ್‌ಸೆಷನ್-ಎರರ್ಸ್’ ಎಂಬ ಫೈಲಿದೆ. ‘ಲೆಸ್’ ಎಂಬ ಆಜ್ಞೆ ಕೊಟ್ಟು, ಒಂದು ಸ್ಪೇಸ್ ಬಿಟ್ಟು, ಆ ಹೆಸರನ್ನು ಕೊಟ್ಟರೆ ಓದಬಹುದು; ಹೊರಬರಲು ಕ್ಯೂ ಒತ್ತಬೇಕು. ಮೇಜಿನ ದಿನಚರಿ ಬೇರೆ. ಅದು ವಿ-ಎ-ಆರ್ ಎಂಬ ಫೋಲ್ಡರಿನ ಒಳಗಿನ ‘ಲಾಗ್’ ಫೋಲ್ಡರಿನಲ್ಲಿ ‘ಎಕ್ಸಾರ್ಗ್’ ಎಂಬ ಹೆಸರಿನಿಂದ ಇರುತ್ತದೆ. ಅದರಲ್ಲಿ ಕಂಸದೊಳಗೆ ಎರಡು ಇ ಅಕ್ಷರಗಳಿರುವ ಸಾಲು ತಪ್ಪನ್ನೂ, ಎರಡು ಡಬ್ಲ್ಯು ಇರುವ ಸಾಲು ಬರಿಯ ಎಚ್ಚರಿಕೆಯನ್ನೂ ಸೂಚಿಸುತ್ತವೆ. ಫೈಲಿನ ತಲೆಯಲ್ಲಿ ಈ ಚಿಹ್ನೆಗಳ ಅರ್ಥವನ್ನು ವಿವರಿಸಿರುವುದರಿಂದ ಅಲ್ಲಿಯೂ ಎರಡು ಇ ಕಾಣುತ್ತದೆ. ಅದು ತಪ್ಪಿನ ಸಾಲಲ್ಲ. ಅದರ ನಂತರ ಮೊದಲು ಬರುವ ತಪ್ಪಿನ ಸಾಲನ್ನು ಒಂದು ಚೀಟಿಯಲ್ಲಿ ಅಕ್ಷರ ಬಿಡದೆ ಬರೆದುಕೊಳ್ಳಿರಿ. ಕೊನೆಯ ಸಾಲಿಗಿಂತ ಮೊದಲ ಸಾಲು ಮುಖ್ಯ. ಒಂದು ಬಿದ್ದ ಮೇಲೆ ಉಳಿದವು ಅದರ ಹಿಂದೆ ಬೀಳುತ್ತವೆ.

೪. ತಪ್ಪು ನಿಮ್ಮದೋ, ಮನೆಯದೋ? ಬೇರೊಂದು ಹೆಸರಿನ ಹೊಸ ಬಳಕೆದಾರನನ್ನು ಸೇರಿಸಿ ನೋಡಿರಿ. ‘ಸುಡೊ ಆಡ್‌ಯೂಸರ್’ ಎಂಬ ಆಜ್ಞೆಯ ಮುಂದೆ ಹೊಸ ಹೆಸರು ಕೊಟ್ಟರಾಯಿತು. ಆಡ್ ಮತ್ತು ಯೂಸರ್ ಪದಗಳ ನಡುವೆ ಸ್ಪೇಸ್ ಇರಬಾರದು. ಆ ಹೆಸರಿನಲ್ಲಿ ಎಲ್ಲ ಸರಿಯಾಗಿ ಬಂದರೆ ಯಂತ್ರ ನೆಟ್ಟಗಿದೆ, ನಿಮ್ಮ ಸ್ವಂತ ಏರ್ಪಾಟಿನಲ್ಲಿ ದೋಷವಿದೆ ಎಂದಾಯಿತು. ಹೊಸಬನಿಗೂ ಬಾರದಿದ್ದರೆ ದೋಷ ಎಲ್ಲರಿಗೂ ಸೇರಿದ್ದು. ಈ ಒಂದು ಪರೀಕ್ಷೆಯಿಂದ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ.

೫. ನಿಮ್ಮ ಏರ್ಪಾಟಿನಲ್ಲಿ ದೋಷವಿದ್ದರೆ. ಎಕ್ಸ್‌ಎಫ್‌ಸಿಇಗೆ ಒಂದು ಅಭ್ಯಾಸವಿದೆ. ಕೆಲಸ ಮುಗಿಸಿ ಹೊರಡುವಾಗ ಯಾರು ಯಾರು ಹಾಜರಿದ್ದರೆಂದು ಬರೆದಿಟ್ಟುಕೊಂಡು, ಮರುದಿನ ಅವರನ್ನೇ ಕರೆಯುವಂತೆ ಅದಕ್ಕೆ ಹೇಳಿಡಬಹುದು. ಆ ಗಳಿಗೆಯಲ್ಲಿ ಕಾರಭಾರಿ ಬಿದ್ದಿದ್ದರೆ ಹಾಜರಿ ಪುಸ್ತಕದಲ್ಲಿ ಅವನ ಹೆಸರಿರುವುದಿಲ್ಲ. ಮರುದಿನ ಅವನನ್ನು ಯಾರೂ ಕರೆಯುವುದಿಲ್ಲ. ಈ ಪುಸ್ತಕವು ಚುಕ್ಕೆಯಿಂದ ಆರಂಭವಾಗುವ ‘ಕ್ಯಾಷ್’ ಫೋಲ್ಡರಿನ ಒಳಗೆ ‘ಸೆಷನ್ಸ್’ ಎಂಬ ಹೆಸರಿನಲ್ಲಿದೆ. ಕ್ಯಾಷ್ ಎಂಬುದರ ಅಕ್ಷರಗಳು ಸಿ-ಎ-ಸಿ-ಎಚ್-ಇ. ಸೆಷನ್ಸ್ ಫೋಲ್ಡರಿನ ಹೆಸರನ್ನು ಬದಲಿಸಿದರೆ ಹೊಸ ಹಾಜರಿ ಆರಂಭವಾಗುತ್ತದೆ. ಇದರಿಂದಲೂ ಗುಣವಾಗದಿದ್ದರೆ ಚುಕ್ಕೆ ‘ಕಾನ್ಫಿಗ್’ ಎಂಬ ಫೋಲ್ಡರಿನೊಳಗಿನ ‘ಎಕ್ಸ್‌ಎಫ್‌ಸಿಇ೪’ರ ಹೆಸರನ್ನೂ ಹಾಗೆಯೇ ಬದಲಿಸಿರಿ. ಅಳಿಸಬೇಡಿರಿ, ಹೆಸರು ಬದಲಿಸಿದ್ದನ್ನು ಮತ್ತೆ ಹಿಂದಿನಂತೆ ಮಾಡಬಹುದು, ಅಳಿಸಿದ್ದನ್ನು ತರಲಾಗದು.

೬. ಕಾರಭಾರಿಯನ್ನು ಕೈಹಿಡಿದು ಎಬ್ಬಿಸುವುದು. ಮೊದಲನೆಯ ಲಕ್ಷಣ ಕಂಡಾಗ ಎಲ್ಲಕ್ಕಿಂತ ಮುಂಚೆ ಇದನ್ನೇ ಮಾಡಬೇಕು. ಹಿತ್ತಲ ಬಾಗಿಲಿನಲ್ಲಿ ‘ಡಿಸ್‌ಪ್ಲೇ’ ಎಂಬ ಪದವನ್ನು ದೊಡ್ಡ ಅಕ್ಷರಗಳಲ್ಲಿ ಒತ್ತಿ, ಸ್ಪೇಸ್ ಕೊಡದೆ ಸಮಚಿಹ್ನೆ, ಕೋಲನ್, ಸೊನ್ನೆ ಒತ್ತಿರಿ. ನಂತರ ಸ್ಪೇಸ್ ಬಿಟ್ಟು ಎಕ್ಸ್-ಎಫ್-ಡಬ್ಲ್ಯು-ಎಂ-೪ ಎಂಬ ಐದು ಅಕ್ಷರಗಳನ್ನು ಸಣ್ಣದಾಗಿ, ಮತ್ತೆ ಸ್ಪೇಸ್ ಬಿಟ್ಟು ಎರಡು ಕಿರುಗೆರೆ ಮತ್ತು ‘ರಿಪ್ಲೇಸ್’ ಎಂಬ ಪದವನ್ನು ಒತ್ತಿರಿ. ಎಂಟರ್ ಒತ್ತಿ, ಎಫ್೭ರ ಪರದೆಗೆ ಮರಳಿರಿ. ತಲೆಪಟ್ಟಿಗಳು ಬಂದಿದ್ದರೆ ಬರೆಯುತ್ತಿದ್ದ ಪತ್ರವನ್ನು ತಕ್ಷಣ ಸೇವ್ ಮಾಡಿರಿ.

ಡಿಸ್‌ಪ್ಲೇ ಎಂಬ ಮೊದಲ ತುಂಡನ್ನು ಬಿಟ್ಟರೆ, ಪರದೆ ತೆರೆಯಲಾಗಲಿಲ್ಲ ಎಂಬ ದೂರು ಬರುತ್ತದೆ. ಯಾವ ಮೇಜಿಗೆ ಹೋಗಬೇಕೆಂದು ನಾವು ಹೇಳಲಿಲ್ಲವೆಂದಷ್ಟೇ ಅದರ ಅರ್ಥ. ‘ರಿಪ್ಲೇಸ್’ ಬಿಟ್ಟರೆ, ಬೇರೊಬ್ಬ ಕಾರಭಾರಿ ಆಗಲೇ ಇದ್ದಾನೆ ಎಂಬ ಉತ್ತರ ಬರಬಹುದು. ಒಂದು ಮೇಜಿಗೆ ಒಬ್ಬನೇ ಕಾರಭಾರಿ ಎಂಬುದು ಎಕ್ಸ್ ವ್ಯವಸ್ಥೆಯ ಕಟ್ಟುನಿಟ್ಟು. ಎರಡನೆಯವನಿಗೆ ಅಧಿಕಾರ ಸಿಗುವುದಿಲ್ಲ. ಅಂದವಾಗಿ ಕಾಣಲೆಂದು ಬೇರೆ ವಿಂಡೋ ಮ್ಯಾನೇಜರುಗಳನ್ನು ಹಾಕಿಕೊಂಡವರಿಗೆ ಈ ಜಗಳ ಎದುರಾಗುವುದುಂಟು. ಇನ್ನು ಕಿಟಕಿಗಳಿಗೆ ನೆರಳು, ಪಾರದರ್ಶಕ ಅಂಚು ಮುಂತಾದ ಅಲಂಕಾರಗಳನ್ನು ಹಳೆಯ ಪರದೆಯ ಡ್ರೈವರು ತಾಳದೆ ಕಪ್ಪಾಗುವ ಸಂದರ್ಭವೂ ಇದೆ. ಅದೇ ಆಜ್ಞೆಯ ಕೊನೆಗೆ ಸ್ಪೇಸ್, ಎರಡು ಕಿರುಗೆರೆ, ‘ಕಾಂಪೋಸಿಟರ್’, ಸಮಚಿಹ್ನೆ, ‘ಆಫ್’ ಎಂದು ಸೇರಿಸಿದರೆ ಅಲಂಕಾರವಿಲ್ಲದೆ ಏಳುತ್ತದೆ. ಕಾಂಪೋಸಿಟರ್ ಪದದ ಕೊನೆಯ ಅಕ್ಷರಗಳು ಟಿ-ಒ-ಆರ್.

೭. ನವೀಕರಣ ಅರ್ಧಕ್ಕೆ ನಿಂತಿತೇ? ಹೊಸ ಭಾಗಗಳು ಕುಳಿತುಕೊಳ್ಳುತ್ತಿರುವಾಗ ವಿದ್ಯುತ್ತು ಹೋದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಅದನ್ನು ಮುಗಿಸುವ ಆಜ್ಞೆ: ‘ಸುಡೊ’, ಸ್ಪೇಸ್, ಡಿ-ಪಿ-ಕೆ-ಜಿ, ಸ್ಪೇಸ್, ಎರಡು ಕಿರುಗೆರೆ ಮತ್ತು ‘ಕಾನ್ಫಿಗರ್’, ಸ್ಪೇಸ್, ಕಿರುಗೆರೆ, ಎ. ನವೀಕರಣದ ಮರುದಿನವೇ ನಾಲ್ಕನೆಯ ಲಕ್ಷಣ ಕಂಡರೆ, ಯಂತ್ರ ಆರಂಭವಾಗುವಾಗ ಶಿಫ್ಟ್ ಅಥವಾ ಎಸ್ಕೇಪ್ ಕೀಲಿ ಒತ್ತಿ, ಬರುವ ಪಟ್ಟಿಯ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಎಂಬಲ್ಲಿ ಹಿಂದಿನ ತಿರುಳನ್ನು ಆರಿಸಿರಿ. ಅದರಲ್ಲಿ ಎದ್ದರೆ ಹೊಸ ತಿರುಳಿಗೂ ನಿಮ್ಮ ಪರದೆಗೂ ಹೊಂದಿಕೆಯಿಲ್ಲವೆಂದು ತಿಳಿಯಿತು. ಮುಂದಿನ ನವೀಕರಣದವರೆಗೆ ಹಳೆಯದರಲ್ಲಿಯೇ ಕೆಲಸ ಸಾಗಿಸಬಹುದು.

ಮಾಡಬಾರದ ಕೆಲಸಗಳು

ಏಕಕಾಲಕ್ಕೆ ಎರಡು ಬದಲಾವಣೆ ಮಾಡಬಾರದು. ಮಾಡಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂಬುದು ತಿಳಿಯುವುದಿಲ್ಲ. ಒಂದು ಮಾಡಿ, ನೋಡಿ, ಚೀಟಿಯಲ್ಲಿ ಬರೆದು, ಮುಂದಕ್ಕೆ ಹೋಗಬೇಕು. ಅರ್ಥ ತಿಳಿಯದ ಆಜ್ಞೆಯನ್ನು ಯಾರೋ ಹೇಳಿದರೆಂದು ಒತ್ತಬಾರದು; ಆರ್-ಎಂ ಎಂಬ ಎರಡಕ್ಷರದಿಂದ ಆರಂಭವಾಗುವುದನ್ನಂತೂ ಮೂರು ಸಲ ಯೋಚಿಸದೆ ಒತ್ತಲೇಬಾರದು, ಅದು ಅಳಿಸುವ ಆಜ್ಞೆ. ದಿನಚರಿಯಲ್ಲಿ ಡಿಸ್ಕನ್ನು ಓದಲಾಗಲಿಲ್ಲವೆಂಬ ಸಾಲುಗಳು ಮತ್ತೆ ಮತ್ತೆ ಬರುತ್ತಿದ್ದರೆ, ಅಥವಾ ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ, ಎಲ್ಲ ಪ್ರಯೋಗಗಳನ್ನೂ ನಿಲ್ಲಿಸಬೇಕು. ಆಗ ಕಪಾಟಿಗೇ ಗೆದ್ದಲು ಹಿಡಿದಿದೆ. ಮೊದಲು ಕಾಗದಪತ್ರವನ್ನು ಹೊರಗೆ ಸಾಗಿಸಬೇಕು.

ಸಾಗಿಸುವ ದಾರಿ ಹೀಗೆ: ಗೆಳೆಯರ ಯಂತ್ರದಲ್ಲಿ ಲಿನಕ್ಸ್ ಮಿಂಟನ್ನು ಒಂದು ಪೆನ್‌ಡ್ರೈವಿಗೆ ಹಾಕಿಸಿ ತಂದು, ನಿಮ್ಮ ಯಂತ್ರವನ್ನು ಅದರಿಂದಲೇ ಆರಂಭಿಸಿರಿ. ಡಿಸ್ಕಿಗೆ ಏನೂ ಹಾಕದೆ ಪೆನ್‌ಡ್ರೈವಿನಿಂದಲೇ ಪೂರ್ಣ ಪರದೆ ಬರುತ್ತದೆ. ಅಲ್ಲಿ ಹಳೆಯ ಡಿಸ್ಕನ್ನು ತೆರೆದು, ‘ಹೋಮ್’ ಫೋಲ್ಡರಿನೊಳಗಿನ ನಿಮ್ಮ ಹೆಸರಿನ ಫೋಲ್ಡರನ್ನು ಇನ್ನೊಂದು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿರಿ. ‘ಇನ್‌ಸ್ಟಾಲ್’ ಎಂಬ ಚಿತ್ರವನ್ನು ಮಾತ್ರ ಮುಟ್ಟಬೇಡಿರಿ. ಅಂಗಡಿಗೆ ಒಯ್ಯಲೇಬೇಕಾಗಿ ಬಂದರೂ ಈ ನಕಲಾದ ಮೇಲೆಯೇ ಒಯ್ಯುವುದು ಕ್ಷೇಮ.

ಬೇರೆ ವ್ಯವಸ್ಥೆಯವರಿಗೆ ಎರಡು ಮಾತು

ವಿಂಡೋಸಿನಲ್ಲಿ ಈ ಕಾರಭಾರಿಯ ಹೆಸರೇ ‘ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್’. ೨೦೦೭ರ ವಿಸ್ಟಾದೊಡನೆ ಬಂದವನು. ೨೦೧೨ರ ವಿಂಡೋಸ್ ೮ರಿಂದ ಈಚೆಗೆ ಅವನನ್ನು ರಜೆಯ ಮೇಲೆ ಕಳಿಸಲು ಅವಕಾಶವೇ ಇಲ್ಲ. ಪರದೆ ಕಪ್ಪಾದಾಗ ವಿಂಡೋಸ್ ಚಿಹ್ನೆಯ ಕೀಲಿ, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಪರದೆಯ ಡ್ರೈವರು ಮತ್ತೆ ಆರಂಭವಾಗುತ್ತದೆ. ತೆರೆದಿಟ್ಟ ಕೆಲಸ ಹಾಗೆಯೇ ಉಳಿಯುತ್ತದೆ.

ಲಿನಕ್ಸಿನಲ್ಲಿಯೂ ಹೊಸ ಪದ್ಧತಿ ಬರುತ್ತಿದೆ. ಅದರ ಹೆಸರು ವೇಲ್ಯಾಂಡ್, ಕಾರ್ಯಾರಂಭ ೨೦೦೮ರಲ್ಲಿ. ಅಲ್ಲಿ ಮೇಜು, ಕಾರಭಾರಿ ಬೇರೆ ಬೇರೆಯಲ್ಲ, ಒಬ್ಬನೇ ಎರಡೂ ಕೆಲಸ ಮಾಡುತ್ತಾನೆ. ಅವನು ಬಿದ್ದರೆ ಸಾಮಾನ್ಯವಾಗಿ ತೆರೆದಿದ್ದ ಕಿಟಕಿಗಳೂ ಜೊತೆಗೆ ಬೀಳುತ್ತವೆ. ಆದುದರಿಂದ ಅಂಥ ಯಂತ್ರದಲ್ಲಿ ಪತ್ರ ಬರೆಯುವವರು ಐದು ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡುವ ಅಭ್ಯಾಸ ಇಟ್ಟುಕೊಳ್ಳಬೇಕು. ಹಿತ್ತಲ ಬಾಗಿಲು, ಡಿಸ್ಕಿನ ಪರೀಕ್ಷೆ, ದಿನಚರಿ, ಹೊಸ ಬಳಕೆದಾರ ಎಂಬ ಕ್ರಮ ಅಲ್ಲಿಗೂ ಸಲ್ಲುತ್ತದೆ.

ಇಷ್ಟನ್ನೆಲ್ಲ ಒಮ್ಮೆಗೇ ನೆನಪಿಡುವುದು ಕಷ್ಟ. ಈ ಪುಟವನ್ನು ಕತ್ತರಿಸಿ ಯಂತ್ರದ ಹತ್ತಿರ ಇಟ್ಟುಕೊಳ್ಳಿರಿ. ಪರದೆ ಕಪ್ಪಾದಾಗ ಯಂತ್ರದೊಳಗಿನ ಉಪದೇಶ ಓದಲು ಸಿಗುವುದಿಲ್ಲವಷ್ಟೆ. ಯಂತ್ರ ಸರಿಯಾಗಿ ನಡೆಯುತ್ತಿರುವ ಈ ವಾರವೇ ಒಂದು ಭಾನುವಾರ ಹಿತ್ತಲ ಬಾಗಿಲನ್ನು ತೆರೆದು, ಡಿಸ್ಕಿನ ಲೆಕ್ಕ ನೋಡಿ, ಮರಳಿ ಬನ್ನಿರಿ. ಪಹಣಿ, ಅಂಕಪಟ್ಟಿ, ಭಾವಚಿತ್ರಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಪಡಿತರ ಚೀಟಿ ಇಡುವ ಪೆಟ್ಟಿಗೆಯಲ್ಲಿಯೇ ಇಡಿರಿ. ನಿಮ್ಮಿಂದ ಬಿಡಿಸಲಾಗದ ತೊಡಕಾದರೆ, ಬರೆದಿಟ್ಟ ಚೀಟಿಯೊಡನೆ ತಿಳಿದವರ ಬಳಿಗೆ ಹೋಗಿರಿ. “ಕಂಪ್ಯೂಟರು ಕೆಟ್ಟಿದೆ” ಎಂದವರಿಗೆ ಫಾರ್ಮ್ಯಾಟಿನ ಉತ್ತರ ಸಿಕ್ಕೀತು. “ಪಾಸ್‌ವರ್ಡು ಕೊಟ್ಟ ಮೇಲೆ ಹಿಂದಕ್ಕೆ ಬರುತ್ತದೆ, ಡಿಸ್ಕಿನಲ್ಲಿ ಜಾಗವಿದೆ, ಹೊಸ ಬಳಕೆದಾರನಿಗೆ ಸರಿಯಾಗಿ ಬರುತ್ತದೆ, ದಿನಚರಿಯ ಸಾಲು ಇದು” ಎಂದವರಿಗೆ ಸರಿಯಾದ ಉತ್ತರವೇ ಸಿಗುತ್ತದೆ.